ನೀರುಗಂಟಿಗಳ ಗಾಂಧಾರ: ಇಲ್ಲದ ನಾಡಿಗೆ ಒಂದು ವಾದ್ಯ ಮಾಡಿದ ಕಥೆ

ಅಕ್ಕನ ಮಗಳು ಮಂಡ್ಯದಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾಳೆ. ಈ ಸಲದ ನಾಟಕ ಅವಳೇ ಬರೆದಿದ್ದು. ಕಥೆ ನಡೆಯೋದು ಎಲ್ಲೂ ಇಲ್ಲದ ಒಂದು ನಾಡಿನಲ್ಲಿ. ಅಲ್ಲಿ ಎಲ್ಲರೂ ನೀರುಗಂಟಿಗಳು. ರಾತ್ರಿ ಹೊತ್ತು ತೂಬು ಎತ್ತಿ, ಮೇಲಿನ ಗದ್ದೆಗೆ ಅರ್ಧ, ಕೆಳಗಿನ ಗದ್ದೆಗೆ ಅರ್ಧ ನೀರು ಹಂಚುತ್ತಾರೆ. ಹಂಚುವಾಗ ಹಾಡುತ್ತಾರೆ.

"ಮಾವ, ಆ ಹಾಡು ನಮ್ಮ ಕಡೇದು ಅನ್ನಿಸ್ಬಾರ್ದು. ಹಂಗಂತ ಬೇರೆ ಯಾವ ದೇಶದ್ದೂ ಅನ್ನಿಸ್ಬಾರ್ದು. ಅವ್ರದೇ ಅನ್ನಿಸ್ಬೇಕು. ಏನಾರ ಮಾಡ್ಕೊಡು" ಅಂದಳು.

ನನ್ನ ಹತ್ತಿರ ಇದ್ದಿದ್ದು ಮನೆ ಹಿಂದೆ ಒಂದು ವೈಸ್, ಹ್ಯಾಕ್ಸಾ, ನಾಲ್ಕು ಥರ ಅರ, ಡ್ರಿಲ್, ಮತ್ತೆ ಚಿಕ್ಕಂದಿನಿಂದ ಕೇಳಿಕೊಂಡು ಬಂದ ಕರ್ನಾಟಕ ಸಂಗೀತ. ವಿಶ್ವೇಶ್ವರಯ್ಯ ನಾಲೆಯ ನೀರು ಉಣ್ಣುವ ಊರಲ್ಲಿ ಹುಟ್ಟಿದವನು ನಾನು. ಸರದಿ ಬಂದ ರಾತ್ರಿ ಅಪ್ಪನ ಜೊತೆ ಲಾಟೀನು ಹಿಡಿದು ಹೋಗಿದ್ದು ನೆನಪಿದೆ. ಆಗಲಿ ಅಂದೆ.

ಒಂದು ವಿಷಯ ಮೊದಲೇ ತೀರ್ಮಾನ ಮಾಡಿಕೊಂಡೆವು. ಮಳವಳ್ಳಿ ಕಡೆ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯ ಹಾಡುತ್ತಾರೆ. ಅದರ ಧಾಟಿ ತೆಗೆದುಕೊಂಡರೆ ಕೆಲಸ ಸುಲಭ ಆಗುತ್ತಿತ್ತು. ಆದರೆ ಅದು ದೇವರ ಹಾಡು, ದೀಕ್ಷೆ ತೆಗೆದುಕೊಂಡವರ ಹಾಡು. ಕಲ್ಪನೆಯ ನಾಡಿಗೆ ಅದನ್ನು ಹೊತ್ತುಕೊಂಡು ಹೋಗೋದು ನನಗೆ ಸರಿ ಕಾಣಲಿಲ್ಲ. ಸ್ವರಗಳ ನಡುವಿನ ಅಂತರ ಎಲ್ಲರ ಸೊತ್ತು. ಅಷ್ಟನ್ನು ಮಾತ್ರ ತಗೊಳ್ಳೋಣ, ಧಾಟಿ ನಾವೇ ಕಟ್ಟೋಣ ಅಂತಾಯ್ತು.

ಮೊದಲನೇ ಶನಿವಾರ

25 ಮಿ.ಮೀ. ದಪ್ಪದ, ಒಂದೂವರೆ ಮಿ.ಮೀ. ಗೋಡೆಯ ಅಲ್ಯೂಮಿನಿಯಂ ಪೈಪು ತಂದೆ. ಅಂಗಡಿಯಲ್ಲಿ ಇದು 12 ಅಡಿ ಉದ್ದಕ್ಕೆ ಸಿಗುತ್ತದೆ, ಅಂದರೆ 366 ಸೆಂ.ಮೀ. ಇದನ್ನು ತುಂಡು ಮಾಡಿ, ಸಾಲಾಗಿ ಮಲಗಿಸಿ, ಕೋಲಿನಿಂದ ಹೊಡೆಯುವ ವಾದ್ಯ ಮಾಡೋದು ಯೋಚನೆ. ತಂತಿ ವಾದ್ಯ ಬೇಡ ಅಂದುಕೊಂಡೆ. ಮಕ್ಕಳ ಕೈಯಲ್ಲಿ ಶ್ರುತಿ ಇಳಿಯುತ್ತಲೇ ಇರುತ್ತದೆ. ಪೈಪನ್ನು ಒಮ್ಮೆ ಸರಿಮಾಡಿದರೆ ಅದು ಹಾಗೇ ನಿಲ್ಲುತ್ತದೆ.

ಪೈಪಿನ ಲೆಕ್ಕ ತಂತಿಯ ಲೆಕ್ಕದ ಹಾಗಲ್ಲ. ತಂತಿಯ ಉದ್ದ ಅರ್ಧ ಮಾಡಿದರೆ ಸ್ವರ ಒಂದು ಸ್ಥಾಯಿ ಮೇಲೆ, ಅಂದರೆ ಸ ಇದ್ದದ್ದು ಮೇಲಿನ ಸ ಗೆ, ಹೋಗುತ್ತದೆ. ಹೊಡೆದು ನುಡಿಸುವ ಪೈಪನ್ನು ಅರ್ಧ ಮಾಡಿದರೆ ಎರಡು ಸ್ಥಾಯಿ ಮೇಲೆ ಹೋಗುತ್ತದೆ. ಕಂಪನ ಉದ್ದದ ವರ್ಗಕ್ಕೆ ವಿಲೋಮ. ಹಾಗಾಗಿ 60 ಸೆಂ.ಮೀ. ಪೈಪು ಷಡ್ಜ (ಸ) ಆದರೆ ಮೇಲಿನ ಷಡ್ಜಕ್ಕೆ ಬೇಕಾಗೋದು 42.4 ಸೆಂ.ಮೀ. 60 ಸೆಂ.ಮೀ. ಕತ್ತರಿಸಿ ಹೊಡೆದೆ. ಫೋನಿನ ಟ್ಯೂನರ್ ಆ್ಯಪ್ 412 ಹರ್ಟ್ಸ್ ತೋರಿಸಿತು. ಹೆಣ್ಣುಮಕ್ಕಳು ಹಾಡುವ ಐದೂವರೆ ಶ್ರುತಿಗೆ ಸರಿಯಾಗಿ ಒಂದು ಸ್ಥಾಯಿ ಮೇಲೆ, ಕೂದಲೆಳೆ ಕಡಿಮೆ. ನಾಟಕದಲ್ಲಿ ಹಾಡೋರು ಹೆಚ್ಚಿನವರು ಹುಡುಗಿಯರೇ. ಶ್ರುತಿ ಪೆಟ್ಟಿಗೆಯನ್ನು ಸ್ವಲ್ಪ ಇಳಿಸಿಕೊಂಡರೆ ಆಯ್ತು.

ಮುಂದೆ ಯಾವ ಸ್ವರಗಳು? ನನ್ನ ಮೊದಲ ಉಪಾಯ ಹೀಗಿತ್ತು. ನಮ್ಮ ಮೋಹನ ರಾಗದಲ್ಲಿ ಐದು ಸ್ವರ: ಸ ರಿ ಗ ಪ ಧ. ಜಾವಾ ದ್ವೀಪದ ಗಮೆಲಾನ್ ಅನ್ನೋ ಲೋಹದ ವಾದ್ಯಗಳ ಮೇಳದಲ್ಲಿ ಬಳಸುವ ಸ್ಲೆಂಡ್ರೊ ಪದ್ಧತಿಯಲ್ಲೂ ಐದು ಸ್ವರ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ?

ಇಲ್ಲಿ ಸೆಂಟ್ ಅನ್ನೋ ಅಳತೆ ಹೇಳಿಬಿಡುತ್ತೇನೆ. ಒಂದು ಸ್ಥಾಯಿಗೆ 1200 ಸೆಂಟ್. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ 100. ಅಲೆಕ್ಸಾಂಡರ್ ಎಲಿಸ್ ಅನ್ನುವವರು 1885ರಲ್ಲಿ ಬೇರೆ ಬೇರೆ ದೇಶಗಳ ಸ್ವರಗಳನ್ನು ಹೋಲಿಸೋಕೆ ಇದನ್ನು ಬಳಸಿದರು. ಜಾವಾದ ವಾದ್ಯಗಳನ್ನೂ ಅಳೆದರು. ಸ್ಲೆಂಡ್ರೊ ಸ್ಥಾಯಿಯನ್ನು ಸುಮಾರಾಗಿ ಐದು ಸಮಭಾಗ ಮಾಡುತ್ತದೆ: 240, 480, 720, 960. ಸುಮಾರಾಗಿ ಅಂತ ಯಾಕೆ ಹೇಳಿದೆ ಅಂದರೆ, ಅಲ್ಲಿ ಪ್ರತಿಯೊಂದು ಗಮೆಲಾನ್ ಮೇಳಕ್ಕೂ ತನ್ನದೇ ಶ್ರುತಿ. ಒಂದು ಮೇಳದ ವಾದ್ಯ ಇನ್ನೊಂದರಲ್ಲಿ ಕೂರೋದಿಲ್ಲ. ಮೋಹನ ಶುದ್ಧ ಶ್ರುತಿಯಲ್ಲಿ 204, 386, 702, 906.

ಸರಾಸರಿ ತೆಗೆದೆ. 222, 433, 711, 933. ಮಧ್ಯಾಹ್ನದೊಳಗೆ ಆರು ತುಂಡು ಸಿದ್ಧವಾದವು. ತೂತು ಕೊರೆಯಲಿಲ್ಲ. ಎರಡು ಟವೆಲ್ ಸುತ್ತಿ, ಅದರ ಮೇಲೆ ಪೈಪು ಮಲಗಿಸಿ ನುಡಿಸಿದೆ.

ಪಕ್ಕದ ಮನೆಯಲ್ಲಿ ವೀಣೆ ಕಲಿಸುವ ಟೀಚರ್ ಇದ್ದಾರೆ. ಕಾಂಪೌಂಡ್ ಹತ್ತಿರ ಬಂದು ಸ್ವಲ್ಪ ಹೊತ್ತು ಕೇಳಿದರು. "ಮೋಹನ ತಾನೆ? ಗಾಂಧಾರ ಯಾಕೆ ಅಷ್ಟು ಮೇಲೆ ಹೋಗಿದೆ? ಸ್ವಲ್ಪ ಇಳಿಸಿ, ಸರಿಹೋಗುತ್ತೆ" ಅಂದರು.

ಅಲ್ಲಿಗೆ ಆ ಸ್ವರಸಾಲು ಮುಗಿಯಿತು. ಅದು ಹೊಸ ಸಂಗೀತ ಆಗಿರಲಿಲ್ಲ, ಶ್ರುತಿ ಕೆಟ್ಟ ಮೋಹನ ಆಗಿತ್ತು. ಕಿವಿ ತನಗೆ ಗೊತ್ತಿರೋ ಹತ್ತಿರದ ಮನೆಯನ್ನು ಹುಡುಕಿಕೊಳ್ಳುತ್ತದೆ. 433 ಅನ್ನೋದು ಗಾಂಧಾರವೂ ಅಲ್ಲ, ಮಧ್ಯಮವೂ ಅಲ್ಲ. ಅಲ್ಲಿ ಯಾಕೆ ನಿಂತಿದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಬಣ್ಣ ಕಲಸಿದ ಹಾಗೆ ಎರಡು ಸಂಗೀತ ಕಲಸೋಕೆ ಆಗಲ್ಲ.

ವೀಣೆಯ ಮೆಟ್ಟಿಲ ಮೇಲೆ

ಮರುದಿನ ಸಂಜೆ ಟೀಚರ್ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ವೀಣೆ ತೊಡೆ ಮೇಲೆ ಇಟ್ಟುಕೊಂಡರು. 24 ಮೆಟ್ಟಿಲು, ಮೇಣದಲ್ಲಿ ಕೂರಿಸಿದ್ದು, ಒಂದು ಸ್ಥಾಯಿಗೆ 12. "ಈ ಎರಡು ಮೆಟ್ಟಿಲ ನಡುವೆ ಸ್ವರ ಇಲ್ಲ ಅಂದುಕೊಂಡಿದೀರಾ?" ಅಂತ ಕೇಳಿ, ತಂತಿ ಎಳೆದು ಬೇಗಡೆ ರಾಗದ ನಿಷಾದ (ನಿ) ಹಿಡಿದರು. ಅದು ಕೆಳಗಿನ ಕೈಶಿಕಿ ನಿಷಾದವೂ ಅಲ್ಲ, ಮೇಲಿನ ಕಾಕಲಿ ನಿಷಾದವೂ ಅಲ್ಲ. ನಡುವೆ ಎಲ್ಲೋ ಇದೆ. ಎಳೆದಿದ್ದ ಬೆರಳು ತಕ್ಷಣ ಸಡಿಲ ಮಾಡಿ ಧೈವತಕ್ಕೆ ಇಳಿದರು.

"ಅಲ್ಲೇ ನಿಲ್ಲಿಸಿ ನೋಡೋಣ ಟೀಚರ್" ಅಂದೆ.

"ನಿಲ್ಲಿಸಬಾರದು. ನಿಲ್ಲಿಸಿದರೆ ಅಪಸ್ವರ. ಹಾದು ಹೋದರೆ ಬೇಗಡೆ."

ಆ ಮಾತು ಕೇಳಿ ನಾನು ಸುಮ್ನೆ ಕೂತೆ. ಅರಬ್ಬರ ಸಂಗೀತದಲ್ಲಿ ರಾಸ್ತ್ ಅಂತ ಒಂದು ಮಕಾಮ್ ಇದೆ. ನಮ್ಮ ರಾಗದ ಹಾಗೆ ಅವರಿಗೆ ಮಕಾಮ್. ಅದರ ಮೂರನೇ ಸ್ವರ ಸುಮಾರು 350 ಸೆಂಟ್. ನಮ್ಮ ಸಾಧಾರಣ ಗಾಂಧಾರ 316, ಅಂತರ ಗಾಂಧಾರ 386. ಅವರದ್ದು ಸರಿಯಾಗಿ ಇವೆರಡರ ನಡುವೆ. ಟರ್ಕಿಯಲ್ಲಿ ಸ್ವಲ್ಪ ಮೇಲೆ, ಈಜಿಪ್ಟಿನಲ್ಲಿ ಅದಕ್ಕಿಂತ ಕೆಳಗೆ. ಸ್ಥಾಯಿಯನ್ನು 24 ಭಾಗ ಮಾಡಿ ಇಂಥ ಸ್ವರಗಳನ್ನು ಹಿಡಿಯಬಹುದಾ ಅಂತ 1932ರಲ್ಲಿ ಕೈರೋದಲ್ಲಿ ದೊಡ್ಡ ಸಮ್ಮೇಳನದಲ್ಲೇ ಚರ್ಚೆ ಆಯ್ತು. ಅವರು ಆ ಸ್ವರದ ಮೇಲೆ ನೆಮ್ಮದಿಯಾಗಿ ನಿಲ್ಲುತ್ತಾರೆ. ನಾವೂ ಅದೇ ಜಾಗಕ್ಕೆ ಹೋಗುತ್ತೇವೆ, ಆದರೆ ನಿಲ್ಲದೆ ಬರುತ್ತೇವೆ. ಜಾಗ ಒಂದೇ. ಯಾರಿಗೆ ಎಲ್ಲಿ ನಿಲ್ಲೋ ಹಕ್ಕಿದೆ ಅನ್ನೋದು ಬೇರೆ.

ಹಾಗಾದರೆ ನೀರುಗಂಟಿಗಳು ಎಲ್ಲಿ ನಿಲ್ಲುತ್ತಾರೆ? ಉತ್ತರ ನಾಟಕದಲ್ಲೇ ಇತ್ತು. ಅವರು ಎಲ್ಲವನ್ನೂ ಅರ್ಧ ಮಾಡುವ ಜನ.

ಸ್ವರವನ್ನೂ ಅರ್ಧ ಮಾಡಿದೆ. ಷಡ್ಜದಿಂದ ಪಂಚಮಕ್ಕೆ 702. ಅದರ ಅರ್ಧ 351. ರಾಸ್ತ್‌ನ ಗಾಂಧಾರ ತಾನಾಗಿಯೇ ಸಿಕ್ಕಿತು! ಪಂಚಮದಿಂದ ಮೇಲಿನ ಷಡ್ಜಕ್ಕೆ 498. ಅದರ ಅರ್ಧ 249. 702ಕ್ಕೆ ಕೂಡಿಸಿದರೆ 951. ಅದು ಸ್ಲೆಂಡ್ರೊದ 960ಕ್ಕೆ ತೀರಾ ಹತ್ತಿರ. ನಮ್ಮ ಚತುಶ್ರುತಿ ಧೈವತಕ್ಕೂ ಕೈಶಿಕಿ ನಿಷಾದಕ್ಕೂ ನಟ್ಟನಡುವೆ. ಹಾಳೆ ಮೇಲೆ ಇದನ್ನು ಬರೆದಾಗ ನನಗೆ ಆದ ಸಂತೋಷ ಹೇಳತೀರದು. ಮೊದಲ ಸಲ ಬಲವಂತವಾಗಿ ಕಲಸಿದ್ದವು ಈಗ ತಾವಾಗಿ ಬಂದು ಕೂತಿದ್ದವು. ಸ್ಥಾಯಿಯ ಕೆಳಗಿನ ಅರ್ಧ ಅರಬ್ಬರ ಕಡೆ, ಮೇಲಿನ ಅರ್ಧ ಜಾವಾ ಕಡೆ, ನಡುವೆ ಅಲುಗಾಡದ ಪಂಚಮ.

ಟೀಚರ್‌ಗೆ ತೋರಿಸಿದೆ. "ಇದು ವೆಂಕಟಮಖಿ ದಾರಿನೇ ಅಲ್ವಾ" ಅಂದರು. ನಿಜ. ವೆಂಕಟಮಖಿ 17ನೇ ಶತಮಾನದ ಸಂಗೀತ ಶಾಸ್ತ್ರಕಾರ. ಅವರು ಲೆಕ್ಕ ಹಾಕಿದ 72 ಮೇಳಗಳು, ಅಂದರೆ ಮೂಲ ರಾಗಗಳು, ಬರೋದು ಹೀಗೇ. ಪೂರ್ವಾಂಗದ (ಕೆಳಗಿನ ಅರ್ಧದ) ಆರು ಬಗೆ, ಉತ್ತರಾಂಗದ (ಮೇಲಿನ ಅರ್ಧದ) ಆರು ಬಗೆ, ಎರಡು ಮಧ್ಯಮ. ಆರಾರಲಿ ಮೂವತ್ತಾರು, ಎರಡರಷ್ಟು ಎಪ್ಪತ್ತೆರಡು. ಕೆಳಗಿನದನ್ನು ಒಂದು ಕಡೆಯಿಂದ, ಮೇಲಿನದನ್ನು ಇನ್ನೊಂದು ಕಡೆಯಿಂದ ತಂದು ಜೋಡಿಸೋದು ನಮಗೆ ಹೊಸದಲ್ಲ.

ಇನ್ನೊಂದು ಸಲಹೆಯನ್ನೂ ಅವರೇ ಕೊಟ್ಟರು. ಮೈಸೂರು ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರು ಕೊಟ್ಟ ರಾಗ ಅಂತ ಮೋಹನಕಲ್ಯಾಣಿಯನ್ನು ಹೇಳುತ್ತಾರೆ. ಹತ್ತುವಾಗ ಮೋಹನ, ಇಳಿಯುವಾಗ ಕಲ್ಯಾಣಿ. "ನಿಮ್ಮ ನೀರುಗಂಟಿಗಳೂ ಹತ್ತುವಾಗ ಒಂದು ಸ್ವರ ಬಿಡಲಿ. ಇಳಿಯುವಾಗ ಮುಟ್ಟಲಿ." ಹಾಗೇ ಮಾಡಿದೆ. ಹತ್ತುವಾಗ ಸ ರಿ ಗ ಪ ಧ ಸ. ಇಳಿಯುವಾಗ ಸ ಧ ಪ ಮ ಗ ರಿ ಸ. ರಿ 204, ಮ 498, ಎಲ್ಲರಿಗೂ ಗೊತ್ತಿರುವ ಶುದ್ಧ ಸ್ಥಾನಗಳು. ಮಧ್ಯಮ ಅಂದರೆ ನೀರು ಕೆಳಗಿನ ಗದ್ದೆಗೆ ತಿರುಗಿದ ಗುರುತು.

ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸಿದ್ದು

ಹೊಸ ಪೈಪು ತರೋಕೆ ಮುಂಚೆ ಹಳೇ ತುಂಡುಗಳನ್ನು ಅಳೆದು ನೋಡಿದೆ. ಹೊಸ ಲೆಕ್ಕದಲ್ಲಿ ಬೇಕಾದ ಉದ್ದಗಳು ಇವು: ಸ 60, ರಿ 56.6, ಗ 54.2, ಮ 52, ಪ 49, ಧ 45.6, ಮೇಲಿನ ಸ 42.4 ಸೆಂ.ಮೀ.

ಹಳೇ ರಿ 56.3 ಇತ್ತು. ಅದನ್ನು ಎರಡು ಸೆಂ.ಮೀ. ಕಡಿಮೆ ಮಾಡಿದರೆ ಹೊಸ ಗ ಆಯ್ತು. ಹಳೇ ಗ 53 ಇತ್ತು, ಒಂದು ಸೆಂ.ಮೀ. ತೆಗೆದರೆ ಮ. ಹಳೇ ಧ 45.8, ಎರಡು ಮಿ.ಮೀ. ತೆಗೆದರೆ ಹೊಸ ಧ. ಮೊದಲ ದಿನ ಮಿಕ್ಕಿದ್ದ ತುಂಡು 57 ಸೆಂ.ಮೀ. ಇತ್ತು, ಅದು ಹೊಸ ರಿ. ಒಂದೇ ಪೈಪಿನಲ್ಲಿ ಏಳೂ ಸ್ವರ ಬಂದವು. ತೂತು ಮೊದಲೇ ಕೊರೆದಿದ್ದರೆ ಇದು ಸಾಧ್ಯ ಇರಲಿಲ್ಲ. ಉದ್ದ ಬದಲಾದರೆ ತೂತಿನ ಜಾಗವೂ ಬದಲಾಗುತ್ತದೆ.

ತೊಂದರೆ ಕೊಟ್ಟಿದ್ದು ಪಂಚಮ. ಹಳೇದು 48.9 ಇತ್ತು. ಒಂದು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಗಿಡ್ಡ. ಈ ಅಳತೆಯ ಪೈಪುಗಳಲ್ಲಿ ಒಂದು ಮಿ.ಮೀ. ಅಂದರೆ 6ರಿಂದ 8 ಸೆಂಟ್. ಪಂಚಮ 9 ಸೆಂಟ್ ಏರಿ ಕೂತಿತ್ತು. ಬೇರೆ ಸ್ವರಕ್ಕಾದರೆ ನಡೆಯುತ್ತೆ. ಶ್ರುತಿ ಪೆಟ್ಟಿಗೆ ಜೊತೆ ಪಂಚಮ 9 ಸೆಂಟ್ ಏರಿದ್ದರೆ ಕಿವಿಗೆ ಚುಚ್ಚುತ್ತದೆ. ಪೈಪನ್ನು ಉದ್ದ ಮಾಡೋಕಂತೂ ಆಗಲ್ಲ. ಆದರೆ ಇಳಿಸೋಕೆ ದಾರಿ ಇದೆ. ಪೈಪಿನ ತುದಿಯಲ್ಲಿ ಲೋಹ ತೆಗೆದರೆ ಸ್ವರ ಏರುತ್ತದೆ, ನಡುಭಾಗದಲ್ಲಿ ತೆಗೆದರೆ ಇಳಿಯುತ್ತದೆ. ಬಾಗೋದು ಹೆಚ್ಚಾಗಿ ನಡುವೆ. ಅಲ್ಲಿ ತೆಳುವಾದರೆ ಬಿಗಿ ಕಡಿಮೆಯಾಗುತ್ತದೆ. ಪೈಪನ್ನು ಮಗುಚಿ, ಹೊಟ್ಟೆ ಭಾಗದಲ್ಲಿ ಆರು ಸೆಂ.ಮೀ. ಅಗಲಕ್ಕೆ ನುಣುಪು ಅರ ಹಾಕಿ ಉಜ್ಜಿದೆ. ಇಪ್ಪತ್ತು ಸಲ ಉಜ್ಜೋದು, ಹೊಡೆಯೋದು, ನೋಡೋದು. 621 ಹರ್ಟ್ಸ್‌ನಲ್ಲಿದ್ದದ್ದು ಮುಕ್ಕಾಲು ಗಂಟೆಯಲ್ಲಿ 618ಕ್ಕೆ ಬಂತು. ಶ್ರುತಿ ಪೆಟ್ಟಿಗೆ ಹಾಕಿ ಹೊಡೆದೆ. ಎರಡೂ ಒಂದರಲ್ಲೊಂದು ಕರಗಿದವು.

ಧೈವತದಲ್ಲಿ ನಾನು ಅವಸರ ಮಾಡಿದೆ. ಎರಡು ಮಿ.ಮೀ. ತಾನೆ ಅಂತ ಅರ ಬಿಟ್ಟು ಗ್ರೈಂಡರ್ ಹಿಡಿದೆ. ತುದಿ ಉಜ್ಜಿದ ತಕ್ಷಣ ಹೊಡೆದು ನೋಡಿದಾಗ ಕಡಿಮೆ ತೋರಿಸಿತು. ಇನ್ನೊಂದಿಷ್ಟು ಉಜ್ಜಿದೆ. 713.6 ಬಂತು, ಬೇಕಾದ್ದು ಅಷ್ಟೇ. ಬೆಳಿಗ್ಗೆ ಎದ್ದು ಹೊಡೆದರೆ 716.5. ಗ್ರೈಂಡರ್ ಹಿಡಿದಾಗ ಪೈಪು ಬಿಸಿಯಾಗಿತ್ತು. ಬಿಸಿ ಲೋಹ ಸ್ವಲ್ಪ ಮೆತ್ತಗಾಗುತ್ತದೆ, ಸ್ವರ ಇಳಿದ ಹಾಗೆ ಕೇಳುತ್ತದೆ. ಆರಿದ ಮೇಲೆ ಮತ್ತೆ ಏರುತ್ತದೆ. 7 ಸೆಂಟ್ ಹೆಚ್ಚಾಗಿತ್ತು. ಅದಕ್ಕೂ ಹೊಟ್ಟೆ ಉಜ್ಜಿ ಸರಿಮಾಡಿದೆ. ಅವತ್ತಿಂದ ಪಕ್ಕದಲ್ಲಿ ಒಂದು ಬಕೆಟ್ ನೀರು. ಉಜ್ಜಿದ್ದನ್ನು ಅದ್ದಿ, ಒರೆಸಿ, ಹತ್ತು ನಿಮಿಷ ಬಿಟ್ಟು ಆಮೇಲೆ ಅಳೆಯೋದು. ಮಾಡುವವರು ಯಾರಾದರೂ ಇದ್ದರೆ ಇದೊಂದನ್ನು ಮರೆಯಬೇಡಿ.

ತೂತಿನ ಜಾಗ ಪ್ರತಿ ತುದಿಯಿಂದ ಉದ್ದದ ನೂರಕ್ಕೆ 22.4 ಭಾಗ. 60 ಸೆಂ.ಮೀ. ಪೈಪಿಗೆ 13.4 ಸೆಂ.ಮೀ. ಅಲ್ಲಿ ಪೈಪು ಅಲುಗಾಡೋದಿಲ್ಲ, ಹಾಗಾಗಿ ಹಗ್ಗ ತಾಗಿದರೂ ನಾದ ಸಾಯೋದಿಲ್ಲ. ನೈಲಾನ್ ಹಗ್ಗ ಪೋಣಿಸಿ, ಹಳೇ ಮಂಚದ ಪಟ್ಟಿಗಳ ಚೌಕಟ್ಟಿಗೆ ಬಿಗಿದೆ. ಪ್ರತಿ ಪೈಪಿನ ಕೆಳಗೆ ಎರಡು ಇಂಚಿನ ಪಿವಿಸಿ ಕೊಳವೆ, ಅಡಿಗೆ ಕ್ಯಾಪು. ಷಡ್ಜಕ್ಕೆ 19.5 ಸೆಂ.ಮೀ., ಮೇಲಿನ ಷಡ್ಜಕ್ಕೆ 9. ಕೊಳವೆ ಇಟ್ಟ ಮೇಲೆ ನಾದ ಎರಡು ಪಟ್ಟು ತುಂಬಿಕೊಂಡ ಹಾಗೆ ಅನ್ನಿಸಿತು.

ಕೋಲು, ಅಲೆ

ಮರದ ಗುಂಡಿನ ಕೋಲಿನಿಂದ ಹೊಡೆದಾಗ ಗಂಟೆಯ ಹಾಗೆ ಒಂದು ಗೀರು ಸದ್ದು ಬರುತ್ತಿತ್ತು. ಅದು ಪೈಪಿನ ಎರಡನೇ ಸ್ವರ. ತಂತಿಯಲ್ಲಾದರೆ ಎರಡನೇ ಸ್ವರ ಮೂಲದ ಎರಡರಷ್ಟು, ಮೇಲಿನ ಷಡ್ಜ. ಪೈಪಿನಲ್ಲಿ ಅದು ಮೂಲದ 2.76ರಷ್ಟು. ಮೇಲಿನ ಸ್ಥಾಯಿಯ ಮ ಮತ್ತು ಪ ನಡುವೆ ಎಲ್ಲೋ ಬೀಳುತ್ತದೆ. ನಮ್ಮ ಸಾಲಿನಲ್ಲಿ ಅದಕ್ಕೆ ಜಾಗ ಇಲ್ಲ. ಎರಡು ಕೆಲಸ ಮಾಡಿದೆ. ಮಕ್ಕಳು ಆಡುವ ರಬ್ಬರ್ ಚೆಂಡಿಗೆ ಬಿದಿರು ಕಡ್ಡಿ ಚುಚ್ಚಿ, ಮೇಲೆ ಉಲ್ಲನ್ ದಾರ ಸುತ್ತಿದೆ. ಮತ್ತೆ ಪೈಪಿನ ನಟ್ಟನಡುವೆ ಒಂದು ಕೆಂಪು ಚುಕ್ಕಿ ಇಟ್ಟೆ. ಆ ಎರಡನೇ ಸ್ವರಕ್ಕೆ ನಡುಜಾಗದಲ್ಲಿ ಕಂಪನವೇ ಇಲ್ಲ. ಅಲ್ಲೇ ಹೊಡೆದರೆ ಅದು ಏಳೋದಿಲ್ಲ. ಚುಕ್ಕಿಗೆ ಹೊಡೀಬೇಕು ಅಂತ ಮಕ್ಕಳಿಗೆ ಹೇಳಿದ್ದೇ ತಡ, ಒಂದೇ ದಿನಕ್ಕೆ ಕಲಿತರು.

ಇನ್ನೊಂದು ಷಡ್ಜದ ಪೈಪನ್ನೂ ಸೇರಿಸಿದೆ. ಬಾಲಿ ದ್ವೀಪದಲ್ಲಿ ವಾದ್ಯಗಳನ್ನು ಜೋಡಿಯಾಗಿ ಮಾಡುತ್ತಾರೆ. ಒಂದರ ಶ್ರುತಿ ಇನ್ನೊಂದಕ್ಕಿಂತ ಸ್ವಲ್ಪ ಮೇಲೆ. ಎರಡನ್ನೂ ಒಟ್ಟಿಗೆ ಹೊಡೆದರೆ ನಾದ ತೊನೆಯುತ್ತದೆ. ಅದನ್ನು ಅವರು ಓಂಬಾಕ್ ಅನ್ನುತ್ತಾರೆ, ಅಂದರೆ ಅಲೆ. ನೀರಿನ ನಾಟಕಕ್ಕೆ ಅಲೆ ಬೇಡವಾ? 59.7 ಸೆಂ.ಮೀ.ಗೆ ಕತ್ತರಿಸಿ 416ಕ್ಕೆ ತಂದೆ. 412 ಮತ್ತು 416 ಸೇರಿದರೆ ಸೆಕೆಂಡಿಗೆ ನಾಲ್ಕು ಅಲೆ. ತೂಬು ಎತ್ತುವ ದೃಶ್ಯದಲ್ಲಿ ಮಾತ್ರ ಇದನ್ನು ಬಳಸುತ್ತೇವೆ.

ಎಲ್ಲಿ ನಿಲ್ಲಬೇಕು

ವಾದ್ಯ ಆಯ್ತು. ಹಾಡು ಕಟ್ಟೋಕೆ ಕೂತಾಗ ಮಕ್ಕಳು ಸಹಜವಾಗಿ ಷಡ್ಜ, ಪಂಚಮದ ಮೇಲೆ ನಿಂತರು, ಗ ಮತ್ತು ಧ ಅಲ್ಲಾಡಿಸಿದರು. ಆಗ ಹಾಡು ಮತ್ತೆ ನಮ್ಮ ಕಡೆಗೇ ಬಂತು. ಖರಹರಪ್ರಿಯ ರಾಗದ ನೆರಳು, ಸಿನಿಮಾ ಹಾಡಿನ ನೆರಳು. ಸ್ವರಸ್ಥಾನ ಬದಲಾದರೂ ನಡೆ ಬದಲಾಗಿರಲಿಲ್ಲ.

ಅಕ್ಕನ ಮಗಳು ಒಂದು ಕಾನೂನು ಮಾಡಿದಳು. ನಮ್ಮಲ್ಲಿ ಸ, ಪ ಅಚಲ. ನೀರುಗಂಟಿಗಳಲ್ಲಿ ಗ, ಧ ಅಚಲ. ಅಲ್ಲಿ ನೀರು ಸಮ ಆಗುತ್ತದೆ, ಸಮ ಆದಾಗ ಯಾರೂ ಅಲುಗಾಡಬಾರದು. ಪಂಚಮದಿಂದ ಜಾರಿ, ಮಧ್ಯಮ ಸವರಿ, ಗಾಂಧಾರದ ಮೇಲೆ ನಿಂತು ಉಸಿರು ಬಿಡಬೇಕು. ಹಾಡು ಮುಗಿಯೋದೂ ಗಾಂಧಾರದಲ್ಲೇ, ಷಡ್ಜದಲ್ಲಲ್ಲ. ಈ ಒಂದು ಕಾನೂನು ಬಂದ ಮೇಲೆ ಹಾಡಿಗೆ ಬೇರೆಯದೇ ಮುಖ ಬಂತು. ಟೀಚರ್ ಬಂದು ಕೇಳಿದರು. ಯಾವ ರಾಗ ಅಂತ ಕೇಳಲಿಲ್ಲ. "ಇವರ ಊರಲ್ಲಿ ಸತ್ತಾಗ ಏನು ಹಾಡ್ತಾರೆ?" ಅಂತ ಕೇಳಿದರು. ಅಕ್ಕನ ಮಗಳು ಆ ಪ್ರಶ್ನೆ ಬರೆದಿಟ್ಟುಕೊಂಡಳು.

ಹಾಡೋಕೆ ಕಷ್ಟವಾಗಿದ್ದು ನಿಜ. ಪೈಪು ಹೊಡೆದಾಗ ಸರಿಯಾಗಿ ಹಿಡಿಯುತ್ತಾರೆ. ನಿಲ್ಲಿಸಿದರೆ ಗಾಂಧಾರ ಮೆಲ್ಲಗೆ ಏರಿ ಅಂತರ ಗಾಂಧಾರಕ್ಕೆ ಹೋಗಿಬಿಡುತ್ತದೆ. ನಾಲ್ಕನೇ ಕ್ಲಾಸಿನ ಒಬ್ಬಳು ಹುಡುಗಿ ಮಾತ್ರ ಬೇರೆ ಥರ ಕಲಿತಳು. ಅವಳು ಷಡ್ಜ ಮತ್ತು ಪಂಚಮ ಎರಡನ್ನೂ ಮನಸ್ಸಲ್ಲಿ ಇಟ್ಟುಕೊಂಡು, ಎರಡು ಕೈಯನ್ನೂ ಚಾಚಿ, ನಡುವೆ ತಲೆ ಇಟ್ಟ ಹಾಗೆ ನಿಲ್ಲುತ್ತಿದ್ದಳು.

ಕಳೆದ ಭಾನುವಾರ ಅಭ್ಯಾಸ ಮುಗಿದು ಎಲ್ಲರೂ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ನಾನು ಚೌಕಟ್ಟು ಬಿಚ್ಚಿ ಪೈಪುಗಳನ್ನು ಸೀರೆಯಲ್ಲಿ ಸುತ್ತುತ್ತಿದ್ದೆ. ಶ್ರುತಿ ಪೆಟ್ಟಿಗೆ ಆರಿಸಿ ಆಗಿತ್ತು. ಆ ಹುಡುಗಿ ಬಾಗಿಲ ಹತ್ತಿರ ನಿಂತು ಬಸ್ಸು ಕಾಯುತ್ತಾ ಕೊನೇ ಸಾಲು ಹಾಡಿಕೊಳ್ಳುತ್ತಿದ್ದಳು. ಫೋನು ಕೈಯಲ್ಲೇ ಇತ್ತು, ಆ್ಯಪ್ ತೆರೆದು ಹಿಡಿದೆ. ಷಡ್ಜ 206, ನಮ್ಮ ಪೈಪಿನ ಸರಿಯಾದ ಅರ್ಧ. ಗಾಂಧಾರಕ್ಕೆ ಬಂದು ನಿಂತಳು. 253. ಲೆಕ್ಕದ ಪ್ರಕಾರ 252.3 ಇರಬೇಕು.

"ಏನ್ ಮಾವ?" ಅಂದಳು ಅಕ್ಕನ ಮಗಳು.

ಫೋನು ಅವಳ ಕಡೆ ತಿರುಗಿಸಿದೆ. ಅಷ್ಟರಲ್ಲಿ ಬಸ್ಸು ಬಂತು, ಹುಡುಗಿ ಓಡಿದಳು.